ನಿಂಬವ್ವ ಕದ್ದ ಹರಳು

ಬಹಳ ಹಿಂದೆ, ನೀರಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹರಳುದುರ್ಗ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಎಣ್ಣೆಯ ದೀಪ ಹಚ್ಚುವ ಪದ್ಧತಿ ಇರಲಿಲ್ಲ. ಕೋಟೆಯ ನೆತ್ತಿಯ ಮೇಲೆ ಒಂದು ಗೂಡು, ಗೂಡಿನಲ್ಲಿ ಕುಂಬಳಕಾಯಿ ಗಾತ್ರದ ಒಂದು ಕಲ್ಲುಸಕ್ಕರೆಯ ಹರಳು. ಹಗಲೆಲ್ಲ ಅದು ಬಿಸಿಲು ಕುಡಿಯುತ್ತಿತ್ತು. ಸಂಜೆಯಾದರೆ ಕುಡಿದ ಬಿಸಿಲನ್ನು ಊರಿನ ಮೇಲೆ ಸುರಿಯುತ್ತಿತ್ತು. ಮಳೆಗಾಲ ಬಂದರೆ ಹರಳು ಕರಗಿಹೋಗುತ್ತದಲ್ಲ, ಅದಕ್ಕೆ ವರ್ಷಕ್ಕೊಂದು ಹೊಸ ಹರಳು ಬೇಕು. ಯಾರು ಅತಿ ದೊಡ್ಡ ಹರಳು ಬೆಳೆಸುತ್ತಾರೋ ಅವರದೇ ಗೂಡಿಗೆ. ಆಮೇಲೆ ವರ್ಷವಿಡೀ, ಪ್ರತಿ ಸಂಜೆ, ಕೋಟೆಯ ಮೇಲಿನಿಂದ ಕೂಗುವವನು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ: "ಇದು ಇಂಥವರ ಬೆಳಕು!"

ಹರಳು ಬೆಳೆಸುವ ವಿದ್ಯೆ ಮಾಳವ್ವನೆಂಬ ಮುದುಕಿಯ ಮನೆಯಲ್ಲಿತ್ತು. ಅವಳಿಗೆ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು. ಗಂಡಸರು ಗಾಣದಲ್ಲಿ ಕಬ್ಬು ಅರೆಯುವರು. ಹೆಂಗಸರು ಪಾಕ ಕಾಯಿಸುವರು. ಸೊಸೆ ಮನೆಗೆ ಬಂದ ದಿನ ಮಾಳವ್ವ ಅವಳ ಕೊರಳಿಗೆ ಒಂದು ನೂಲು ಕಟ್ಟುತ್ತಿದ್ದಳು. ನೂಲಿನ ತುದಿಯಲ್ಲಿ ಜೋಳದ ಕಾಳಿನಷ್ಟು ಒಂದು ಹರಳು. ಅದಕ್ಕೆ ತಾಯಿಹರಳು ಎಂದು ಹೆಸರು. ಬಿಸಿ ಪಾಕದಲ್ಲಿ ಹಿಡಿಸುವಷ್ಟೂ ಸಕ್ಕರೆ ಕರಗಿಸಿ, ಕೊಂಚ ಆರಿದ ಮೇಲೆ ತಾಯಿಹರಳನ್ನು ಅದರಲ್ಲಿ ಇಳಿಬಿಟ್ಟು ಮುಚ್ಚಿಟ್ಟರೆ, ಪಾಕ ತಣ್ಣಗಾಗುತ್ತ ಕರಗಿದ ಸಕ್ಕರೆಯೆಲ್ಲ ಆ ಕಾಳನ್ನು ಹುಡುಕಿಕೊಂಡು ಬಂದು ಕೂರುತ್ತದೆ.

ಹಿರಿಯ ಸೊಸೆ ನಿಂಬವ್ವ. ತಾಯಿ ತಂದೆ ಇಲ್ಲದವಳು, ಕತ್ತೆ ಮೇಯಿಸಿ ಬೆಳೆದವಳು. ಅವಳಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಬೆರಳು ಸುಟ್ಟುಕೊಂಡು, ತಳ ಹತ್ತಿದ ಕೊಪ್ಪರಿಗೆ ಕೆರೆದು, ಹತ್ತು ವರ್ಷದಲ್ಲಿ ತಾನೇ ಕಲಿತಳು. ಕುದಿವ ಪಾಕಕ್ಕೆ ಹಾಲು ಚಿಮುಕಿಸಿ, ಮೇಲೆದ್ದ ಕೊಳೆಯನ್ನೆಲ್ಲ ತೆಗೆದು, ಊರ ಬಾವಿಯ ನೀರಿಗಿಂತ ತಿಳಿಯಾದ ಪಾಕ ಮಾಡುವಳು. ಕಿರಿಯಳು ಸಿರಿಯಾಳೆ, ಏಳು ತಲೆಮಾರಿನಿಂದ ಸಿಹಿ ಮಾಡುವವರ ಮನೆಯ ಮಗಳು. ಒಲೆಯ ಮುಂದೆ ಹಾಡು ಗುನುಗುತ್ತ ಕೂರುವಳು. ಬೆರಳಿಗೊಂದು ಬೊಬ್ಬೆ ಬಂದದ್ದಿಲ್ಲ. ಅವಳ ಪಾಕ ಕೊಂಚ ಮಬ್ಬು. ಆದರೂ ಬಂದ ಮೊದಲ ವರ್ಷವೇ ಅವಳ ಹರಳು ಕುಂಬಳಕಾಯಿಯಷ್ಟಾಯಿತು. ನಿಂಬವ್ವನ ಕೊಪ್ಪರಿಗೆಯಲ್ಲಿ ಬರೀ ರವೆ.

"ಇದು ಸಿರಿಯಾಳೆಯ ಬೆಳಕು!"

ಮೂರು ವರ್ಷ, ಪ್ರತಿ ಸಂಜೆ, ಅದೇ ಕೂಗು. ನಿಂಬವ್ವ ಕಿವಿಗೆ ಹತ್ತಿ ಇಟ್ಟುಕೊಂಡಳು. ಹತ್ತಿ ಇಟ್ಟರೆ ಕೂಗು ಹೊಟ್ಟೆಯಲ್ಲಿ ಕೇಳುತ್ತಿತ್ತು.

ದಿನಕ್ಕೆ ಹತ್ತು ಸಲ ಅವಳು ತನ್ನ ಕೊಪ್ಪರಿಗೆಯ ಮುಚ್ಚಳ ತೆಗೆದು ನೋಡುವಳು. ನೂಲು ಎತ್ತಿ ನೋಡುವಳು, ಅಲ್ಲಾಡಿಸಿ ನೋಡುವಳು. ಆಮೇಲೆ ಸಿರಿಯಾಳೆಯ ಕೊಪ್ಪರಿಗೆಯ ಹತ್ತಿರ ಹೋಗುವಳು. ಅದರ ಸುತ್ತ ಕಂಬಳಿ ಸುತ್ತಿರುತ್ತಿತ್ತು, ಕಂಬಳಿಯ ಮೇಲೆ ಸಿರಿಯಾಳೆ ತಲೆಯಿಟ್ಟು ಮಲಗಿರುತ್ತಿದ್ದಳು.

"ಕೆಲಸ ಇಲ್ವೇನೆ ನಿಂಗೆ?" ಎಂದು ನಿಂಬವ್ವ ಗದರುವಳು.

"ಇದೇ ಕೆಲಸ ಅಕ್ಕ" ಎಂದು ಸಿರಿಯಾಳೆ ಕಣ್ಣು ಮುಚ್ಚಿಕೊಂಡೇ ನಗುವಳು.

ಮೂರನೆಯ ವರ್ಷ ಹರಳನ್ನು ಕೋಟೆಗೆ ಒಯ್ಯುವ ಮುಂಚೆ ನಿಂಬವ್ವ ಅದರ ಮೂಲೆಯಿಂದ ಒಂದು ಚೂರು ಮುರಿದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಇದರೊಳಗೆ ಏನು ಮಾಟ ಇದೆಯೋ ನೋಡೇಬಿಡುತ್ತೇನೆ ಎಂದುಕೊಂಡಳು. ಬಿಸಿಲಿಗೆ ಹಿಡಿದು ನೋಡಿದಳು, ಮೂಸಿದಳು. ಏನೂ ಇರಲಿಲ್ಲ, ಬರೀ ಸಕ್ಕರೆ. ಅದರಿಂದ ಅವಳ ಹೊಟ್ಟೆಯುರಿ ಇನ್ನೂ ಹೆಚ್ಚಿತು.

ನಾಲ್ಕನೆಯ ವರ್ಷ, ಪಾಕ ಇಡುವ ದಿನ, ನೀರು ಸೇದಲು ಹೋದ ನಿಂಬವ್ವನಿಗೆ ಬಾವಿಕಟ್ಟೆಯ ಮೇಲೆ ಒಬ್ಬ ಕೂತಿದ್ದು ಕಂಡಿತು. ತಲೆಯಿಂದ ಕಾಲಿನವರೆಗೆ ನೀರು ತೊಟ್ಟಿಕ್ಕುತ್ತಿತ್ತು. ಮೈ ನೋಡಿದರೆ ಆಚೆಗಿನ ಮರ ಕಾಣುತ್ತಿತ್ತು. ಅವನೇ ಕದಡರಾಯ ಎಂಬ ಮಾಯಾವಿ. ಅವನ ಮೈಯೆಲ್ಲ ನೀರು, ಮುಟ್ಟಿದ್ದನ್ನೆಲ್ಲ ಕರಗಿಸುವುದೇ ಅವನ ಬಾಳು.

"ಯಾಕವ್ವ, ಮುಖ ಒಡೆದ ಹಾಲಿನ ಹಾಗಿದೆ?"

"ನಿಂಗ್ಯಾಕೆ? ಮೊದಲು ಮೈ ಒರೆಸ್ಕೊ ಹೋಗು."

ಅವನು ನಕ್ಕು ಒಂದು ಎಲೆಯ ಪೊಟ್ಟಣ ಮುಂದಿಟ್ಟ. "ಈ ಪುಡಿಯನ್ನು ಅವಳ ಪಾಕಕ್ಕೆ ಹಾಕು. ಈ ವರ್ಷ ಅವಳ ಹರಳು ಏಳುವುದಿಲ್ಲ."

ಯಾರ ಪಾಕ ಎಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಪೊಟ್ಟಣ ಸೊಂಟ ಸೇರಿತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಪುಡಿ ಪಾಕ ಸೇರಿತು.

ಸಿರಿಯಾಳೆ ಕೈ ತೊಳೆದು ಬಂದಳು. ಹಾಡುತ್ತ ಸೌಟು ಎತ್ತಿಕೊಂಡಳು, ಕೊಪ್ಪರಿಗೆಯ ಮೇಲೆ ಬಗ್ಗಿದಳು. ಹಬೆ ತಾಗಿದ್ದೇ ತಡ, ಅವಳ ಜಡೆಯ ತುದಿ ಕರಗಿತು. ಕೈ ಕರಗಿತು. ನಗು ಕರಗಿತು. ಸಕ್ಕರೆ ಕರಗಿದ ಹಾಗೆ ಸದ್ದಿಲ್ಲದೆ ಅವಳು ಪೂರಾ ಪಾಕದೊಳಗೆ ಇಳಿದುಹೋದಳು. ಸೌಟು ಮಾತ್ರ ನೆಲಕ್ಕೆ ಬಿತ್ತು. ಬಾಗಿಲ ಹಿಂದೆ ನಿಂತಿದ್ದ ನಿಂಬವ್ವನ ಬಳೆ ಕಂಬಕ್ಕೆ ತಾಗಿ ಸದ್ದಾಯಿತು. ಪಾಕ ಮೊದಲಿನಷ್ಟೇ ಸುಮ್ಮನಿತ್ತು.

ಮನೆಯವರು ಕೆರೆ ಹುಡುಕಿದರು, ಕಾಡು ಹುಡುಕಿದರು. ನಿಂಬವ್ವ ಬಾಯಿ ಬಿಡಲಿಲ್ಲ. ಎಂಟು ದಿನವಾದರೂ ಏನೂ ಏಳದ ಆ ಪಾಕವನ್ನು, ಒದ್ದೆ ಮೈಯವನೊಬ್ಬ ಬಂದು "ಕೆಟ್ಟ ಪಾಕ ಇದ್ದರೆ ಕೊಡಿ" ಎಂದು ಕೇಳಿ, ಕೊಪ್ಪರಿಗೆ ಸಮೇತ ಹೊತ್ತುಕೊಂಡು ಹೋದ. ಆಗಲೂ ಬಾಯಿ ಬಿಡಲಿಲ್ಲ.

ಆ ವರ್ಷ ಗೂಡಿಗೆ ನಿಂಬವ್ವನ ರವೆಯನ್ನೇ ಒಟ್ಟಿದರು. ಸಂಜೆ ಕೋಟೆಯ ಮೇಲಿನಿಂದ ಕೂಗು ಬಂತು: "ಇದು ನಿಂಬವ್ವನ ಬೆಳಕು!" ಅವಳು ಕಿವಿಯ ಹತ್ತಿ ತೆಗೆದು ಅಂಗಳದಲ್ಲಿ ನಿಂತಳು. ಬೆಳಕು ಮಿಂಚುಹುಳುವಿನಷ್ಟಿತ್ತು. ಬೀದಿಯಲ್ಲಿ ಒಬ್ಬ ಎಡವಿ ಬಿದ್ದ. ಬಿದ್ದವನು ಹೇಳಿದ, "ಸಿರಿಯಾಳೆ ಇದ್ದಿದ್ದರೆ..."

ಎರಡನೆಯವನೂ ಅದನ್ನೇ ಹೇಳಿದ. ಮೂರನೆಯವಳೂ ಅದನ್ನೇ ಹೇಳಿದಳು. ಇದ್ದಾಗ ಅವಳ ಹರಳಿಗೆ ಅಳತೆ ಇತ್ತು. ಹೋದ ಮೇಲೆ ಅದು ದಿನದಿನಕ್ಕೆ ಬೆಳೆಯಿತು. ಕುಂಬಳಕಾಯಿಯಷ್ಟಿದ್ದದ್ದು ಜನರ ಬಾಯಲ್ಲಿ ಆನೆಯಷ್ಟಾಯಿತು. ಇಲ್ಲದವಳ ಜೊತೆ ಪಂದ್ಯ ಕಟ್ಟಿ ಗೆದ್ದವರುಂಟೆ? ಊಟಕ್ಕೆ ಕೂತರೆ ನಿಂಬವ್ವನಿಗೆ ಸೌಟು ಬಿದ್ದ ಸದ್ದು ಕೇಳುತ್ತಿತ್ತು.

ಮಾಳವ್ವ ಪಾಕ ಕಾಯಿಸುವಾಗ ಒಂದು ಮಾತು ಹೇಳುತ್ತಿದ್ದಳು: "ಕರಗಿದ್ದು ಸತ್ತಿಲ್ಲ ಕಣೆ, ಕಾಣ್ತಿಲ್ಲ ಅಷ್ಟೆ." ಆ ಮಾತು ನೆನಪಾದ ಬೆಳಿಗ್ಗೆ ನಿಂಬವ್ವ ಒಂದು ಕಂಬಳಿ, ಒಂದು ನೂಲುಂಡೆ, ಬುತ್ತಿ, ಬುತ್ತಿಗೆ ನಂಚಿಕೊಳ್ಳಲು ನಾಲ್ಕು ನಿಂಬೆಹಣ್ಣು ಕಟ್ಟಿಕೊಂಡು ಹೊರಟಳು.

"ಎಲ್ಲಿಗೆ?" ಎಂದಳು ಅತ್ತೆ.

"ಅವಳನ್ನ ಕರಕೊಂಡು ಬರ್ತೀನಿ. ಬಂದ ಮೇಲೆ ಸರಿಯಾಗಿ ಸೋಲಿಸ್ತೀನಿ" ಎಂದಳು ನಿಂಬವ್ವ.

ಮೂರು ಬೆಟ್ಟ ದಾಟಿದರೆ ಕದಡರಾಯನ ಅರಮನೆ. ಅದರ ಗೋಡೆಗಳೆಲ್ಲ ನೆಟ್ಟಗೆ ನಿಂತ ನೀರು. ಅಂಗಳದ ನಡುವೆ ಒಂದು ಕೊಳ.

"ಬಂದೆಯಾ?" ಎಂದ ಕದಡರಾಯ. "ನನಗೆ ನಿನ್ನ ಮೇಲೆ ಪ್ರೀತಿ ಇದೆ ನಿಂಬವ್ವ. ನಿಮ್ಮಂಥವರು ಇರುವುದರಿಂದಲೇ ನನ್ನ ಕೊಳ ತುಂಬಿದೆ."

"ಪುಡಿ ಹಾಕಿದರೆ ಹರಳು ಏಳಲ್ಲ ಅಂದೆ. ಮನುಷ್ಯಳು ಕರಗ್ತಾಳೆ ಅನ್ನಲಿಲ್ಲ."

"ನೀನು ಕೇಳಲಿಲ್ಲ. ಇರಲಿ. ನಾನು ಬೆರೆಸಿದ್ದನ್ನು ಈವರೆಗೆ ಯಾರೂ ಬಿಡಿಸಿಲ್ಲ. ಮೂರು ಬೆರಕೆ ಇಟ್ಟಿದ್ದೇನೆ. ಮೂರನ್ನೂ ಬಿಡಿಸಿದರೆ ಅವಳ ಕೊಪ್ಪರಿಗೆ ನಿನ್ನದು. ಸೋತರೆ ಅದನ್ನು ಕೊಳಕ್ಕೆ ಸುರಿಯುತ್ತೇನೆ, ಹಿಂದೆಯೇ ನಿನ್ನನ್ನೂ. ಆಮೇಲೆ ಕೊಳದಿಂದ ಅವಳನ್ನು ಹೆಕ್ಕಲು ದೇವರಿಂದಲೂ ಆಗದು."

ಮೊದಲ ಬೆರಕೆ ಒಂದು ಗುಡ್ಡೆ. ಸಕ್ಕರೆಗೆ ಮರಳು ಬೆರೆಸಿ ಆನೆಯೆತ್ತರ ಒಟ್ಟಿದ್ದ. ಕಾವಲಿಗೆ ಒಂದು ಎರಡು ತಲೆಯ ಮೊಸಳೆ.

"ಒಂದೊಂದೇ ಕಣ ಆರಿಸು" ಎಂದಿತು ಮೊದಲ ತಲೆ. "ನೂರು ವರ್ಷ ಸಾಕು" ಎಂದಿತು ಎರಡನೆಯ ತಲೆ.

"ಎರಡು ತಲೆ ಇದ್ದೂ ಇಷ್ಟೇನಾ?" ಎಂದಳು ನಿಂಬವ್ವ. ದೊಡ್ಡ ಹಂಡೆಗೆ ನೀರು ತುಂಬಿ, ಗುಡ್ಡೆಯನ್ನು ಮೊಗೆಮೊಗೆದು ಹಾಕಿ ಕಲಕಿದಳು. ಸಕ್ಕರೆ ನೀರಿನ ಮಾತು ಕೇಳಿತು, ಮರಳು ಕೇಳಲಿಲ್ಲ. ಸೆರಗಿನಲ್ಲಿ ಸೋಸಿದಳು. ಮರಳು ಸೆರಗಿನಲ್ಲಿ ಉಳಿಯಿತು, ಸಿಹಿ ಕೆಳಗಿಳಿಯಿತು. ಸೋಸಿದ್ದನ್ನು ಒಲೆಗಿಟ್ಟಳು. ನೀರು ಹಬೆಯಾಗಿ ಹೋಯಿತು, ಸಕ್ಕರೆ ಮಿಕ್ಕಿತು. ಮೂರು ದಿನ ಹಿಡಿಯಿತು. ಮೊಸಳೆಯ ಎರಡು ತಲೆಯೂ ಒಂದನ್ನೊಂದು ನೋಡಿಕೊಂಡವು.

ಎರಡನೆಯ ಬೆರಕೆ ಒಂದು ಬಿಂದಿಗೆ ಹಾಲು, ಅದರಲ್ಲಿ ಅರ್ಧ ನೀರು. ಪಕ್ಕದಲ್ಲಿ ಒಂದು ಬಿಳಿಯ ಹಂಸ, ಕತ್ತು ಕೊಂಕಿಸಿ ಕೂತಿತ್ತು.

"ಹಾಲನ್ನೂ ನೀರನ್ನೂ ಬೇರೆ ಮಾಡುವ ವಿದ್ಯೆ ಲೋಕದಲ್ಲಿ ನನ್ನೊಬ್ಬಳಿಗೇ ಗೊತ್ತು" ಎಂದಿತು ಹಂಸ.

"ಹಾಗಾದರೆ ಮಾಡಿ ತೋರಿಸು."

ಹಂಸ ಅತ್ತಿತ್ತ ನೋಡಿ ದನಿ ತಗ್ಗಿಸಿತು. "ಯಾರಿಗೂ ಹೇಳಬೇಡ ತಾಯಿ. ನಂಗೂ ಬರಲ್ಲ. ಯಾರೋ ಒಬ್ಬರು ಹೊಗಳಿದರು, ಇಲ್ಲ ಅನ್ನೋಕೆ ಮನಸ್ಸಾಗಲಿಲ್ಲ. ಅಲ್ಲಿಂದ ಯಾರಾದರೂ ಹಾಲು ತಂದರೆ ಎದೆ ನಡುಗುತ್ತೆ."

ನಿಂಬವ್ವನಿಗೆ ನಗು ಬಂತು. ಹಾಲನ್ನು ಕಾಯಿಸಿ ನಿಂಬೆಹಣ್ಣು ಹಿಂಡಿದಳು. ಹಾಲು ಒಡೆಯಿತು. ಬೆಳ್ಳಗಿನ ಗಿಣ್ಣೆಲ್ಲ ಬಟ್ಟೆಯಲ್ಲಿ ನಿಂತಿತು, ತಿಳಿನೀರು ಬೇರೆ ಪಾತ್ರೆಗೆ ಇಳಿಯಿತು. ಹಂಸಕ್ಕೆ ಒಂದು ತುಂಡು ಗಿಣ್ಣು ತಿನ್ನಿಸಿ, "ಕೇಳಿದವರಿಗೆ ನೀನೇ ಮಾಡಿದ್ದು ಅನ್ನು. ಉಳಿದ ಹಣ್ಣು ನೀನೇ ಇಟ್ಕೊ" ಎಂದಳು. ಹೊಗಳಿಕೆಯ ಹಸಿವು ಎಂಥದು ಎಂದು ಅವಳಿಗೆ ಗೊತ್ತಿತ್ತು.

ಮೂರನೆಯದು ಮೂರು ಕೊಪ್ಪರಿಗೆ. ಮೂರನ್ನೂ ಕದಡರಾಯ ಗಾಜಿನಂತೆ ತಿಳಿ ಮಾಡಿಟ್ಟಿದ್ದ. "ಒಂದರಲ್ಲಿ ಉಪ್ಪು, ಒಂದರಲ್ಲಿ ಪಟಿಕ, ಒಂದರಲ್ಲಿ ನಿನ್ನ ವಾರಗಿತ್ತಿ. ಆರಿಸು" ಎಂದ ಕದಡರಾಯ. "ನಾಲಿಗೆ ತಾಗಿಸಿದ ಮನುಷ್ಯರು ಕರಗುತ್ತಾರೆ, ನೀನೂ ಕರಗುವೆ."

ನಿಂಬವ್ವ ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು. ಕದ್ದ ಹರಳು ಅಲ್ಲೇ ಇತ್ತು. ತಪ್ಪು ಕೊಪ್ಪರಿಗೆಯಲ್ಲಿ ಇಳಿಬಿಟ್ಟರೆ ಅದೂ ಕರಗಿಹೋಗುತ್ತದೆ. ಇರುವುದು ಒಂದೇ. ಅವಳು ಮೂರು ಕಡ್ಡಿ ತಂದು ಮೂರು ಕೊಪ್ಪರಿಗೆಯಿಂದ ಒಂದೊಂದು ಹನಿ ತೆಗೆದು ಕಲ್ಲಿನ ಮೇಲೆ ಬಿಟ್ಟಳು. ಸುಮ್ಮನೆ ಕೂತಳು. ಕೂರುವುದು ಅವಳಿಗೆ ಕಷ್ಟದ ಕೆಲಸ, ಆದರೂ ಕೂತಳು. ಒಂದು ಇರುವೆ ಬಂತು. ಮೊದಲ ಹನಿಗೆ ಮೂತಿ ತಿರುವಿತು, ಎರಡನೆಯದನ್ನು ದಾಟಿತು, ಮೂರನೆಯದರ ಮುಂದೆ ನಿಂತು ನೆಂಟರನ್ನೆಲ್ಲ ಕರೆಯಿತು. ನೋಡುನೋಡುತ್ತ ಇರುವೆಗಳು ಆ ಹನಿಯನ್ನು ಹೊತ್ತೊಯ್ದವು.

"ಇದು ನಮ್ಮ ಸಿರಿಯಾಳೆ" ಎಂದಳು ನಿಂಬವ್ವ.

ಕದಡರಾಯನ ಮೈಯಲ್ಲಿ ಅಲೆ ಎದ್ದಿತು. "ಕೊಪ್ಪರಿಗೆ ತಗೊ. ಆದರೆ ಅದರಿಂದ ಅವಳನ್ನು ಮೇಲೆ ತೆಗೆಯುವುದು ನನಗೆ ಗೊತ್ತಿಲ್ಲ. ಕರಗಿಸುವುದಷ್ಟೇ ನನ್ನ ವಿದ್ಯೆ."

"ನಂಗೆ ಗೊತ್ತು" ಎಂದಳು ನಿಂಬವ್ವ.

ಹಬೆ ತಾಗದ ಹಾಗೆ ದೂರ ನಿಂತು ಪಾಕ ಬಿಸಿ ಮಾಡಿದಳು. ಕೊಂಚ ಆರಲು ಬಿಟ್ಟಳು. ಸೆರಗಿನ ಗಂಟು ಬಿಚ್ಚಿ, ಮೂರನೆಯ ವರ್ಷ ಹೊಟ್ಟೆಕಿಚ್ಚಿಗೆ ಮುರಿದುಕೊಂಡಿದ್ದ ಚೂರನ್ನು ನೂಲಿಗೆ ಕಟ್ಟಿ ಪಾಕಕ್ಕೆ ಇಳಿಬಿಟ್ಟಳು. ಸಿರಿಯಾಳೆಯ ಕೈಯಲ್ಲಿ ಬೆಳೆದ ಹರಳು ಲೋಕದಲ್ಲಿ ಉಳಿದಿದ್ದು ಅದೊಂದೇ. ಮುಚ್ಚಳ ಮುಚ್ಚಿ ಕಂಬಳಿ ಸುತ್ತಿದಳು. ಕಂಬಳಿಯ ಮೇಲೆ ತಲೆಯಿಟ್ಟಳು.

ಮೊದಲ ದಿನ ಕದಡರಾಯ ಬಂದು ಹೇಳಿದ, "ಒಂದು ಸಲ ತೆಗೆದು ನೋಡಬಾರದೆ? ಹರಳು ಕರಗಿಯೇ ಹೋಯಿತೋ ಏನೋ." ನಿಂಬವ್ವನ ಕೈ ಮುಚ್ಚಳದ ತನಕ ಹೋಯಿತು. ಮತ್ತೆ ಸೊಂಟಕ್ಕೆ ಬಂತು.

ಮೂರನೆಯ ದಿನ ಬಂದು ಹೇಳಿದ, "ಆಹಾ, ಎಂಥ ಮೂಗು, ಎಂಥ ಕಣ್ಣು. ಮೊದಲಿಗಿಂತ ಚೆಲುವೆಯಾಗಿ ಏಳುತ್ತಿದ್ದಾಳೆ. ನಿನ್ನನ್ನು ಇನ್ನು ಯಾರು ನೋಡುತ್ತಾರೆ?" ನಿಂಬವ್ವನ ಹೊಟ್ಟೆಯಲ್ಲಿ ಕೆಂಡ ಉರಿಯಿತು. ತೆಗೆದು ನೋಡಲೇಬೇಕು ಅನ್ನಿಸಿತು. ಒಮ್ಮೆ ಅಲ್ಲಾಡಿಸಿದರೆ ಸಾಕು ಅನ್ನಿಸಿತು. ಆಗ ಅವಳಿಗೆ ತನ್ನ ಇಷ್ಟು ವರ್ಷದ ರವೆ ನೆನಪಾಯಿತು. ಅಲ್ಲಾಡಿಸಿದರೆ ಸಕ್ಕರೆ ಒಂದೆಡೆ ಕೂರುವುದಿಲ್ಲ, ಸಾವಿರ ಕಡೆ ಸಾವಿರ ಕಾಳಾಗಿ ಬಿದ್ದುಹೋಗುತ್ತದೆ. ಪಾಕ ಕೆಟ್ಟದ್ದಾಗಿರಲಿಲ್ಲ, ಸಕ್ಕರೆ ಕೆಟ್ಟದ್ದಾಗಿರಲಿಲ್ಲ. ನೋಡಿ ನೋಡಿಯೇ ಕೆಡಿಸಿದ್ದೆ. ಇವಳು ಮಲಗಿ ಗೆದ್ದಳು, ನಾನು ಇಣುಕಿ ಸೋತೆ ಎಂದುಕೊಂಡಳು.

"ಇದೇ ಕೆಲಸ" ಎಂದು ಅವಳು ಕಣ್ಣು ಮುಚ್ಚಿಕೊಂಡಳು.

ಏಳನೆಯ ದಿನ ಮುಚ್ಚಳ ತಾನೇ ಮೇಲೆದ್ದಿತು. ಒಳಗಿನಿಂದ ಸಿರಿಯಾಳೆ ತಲೆ ಎತ್ತಿದಳು. ಜಡೆ, ಬಳೆ, ಮೂಗುತಿ, ಎಲ್ಲವೂ ಇತ್ತು. ಹರಳು ಹರಳಾಗಿದ್ದ ಮೈ ಗಾಳಿ ತಾಗುತ್ತಲೇ ಮೆತ್ತಗಾಯಿತು. ಎಡಗಾಲಿನ ಕಿರುಬೆರಳಿಗೆ ಮಾತ್ರ ಉಗುರಿರಲಿಲ್ಲ. ಅದನ್ನು ಇರುವೆಗಳು ಒಯ್ದಿದ್ದವು.

ನಿಂಬವ್ವ ನೆಲ ನೋಡುತ್ತ ಹೇಳಿದಳು, "ಪುಡಿ ಹಾಕಿದ್ದು ನಾನು."

"ಗೊತ್ತು. ನಿನ್ನ ಬಳೆ ಸದ್ದು ನಂಗೆ ಗೊತ್ತಾಗಲ್ವಾ ಅಕ್ಕ? ಕರಗಿದ ಮೇಲೂ ಕೇಳಿಸ್ತು."

"ಬೈಯ್ಯಿ."

"ಮನೆಗೆ ಹೋಗಿ ಬೈತೀನಿ. ಇಲ್ಲಿ ಪುರುಸೊತ್ತಿಲ್ಲ" ಎಂದು ಸಿರಿಯಾಳೆ ಬಾಗಿಲ ಕಡೆ ಕೈ ತೋರಿಸಿದಳು. ಬಾಗಿಲಿದ್ದ ಕಡೆ ನೀರಿನ ಗೋಡೆ ಎದ್ದಿತ್ತು.

"ಕೊಪ್ಪರಿಗೆ ಕೊಡುತ್ತೇನೆ ಎಂದೆ. ಹೋಗಲು ಬಿಡುತ್ತೇನೆ ಎಂದೆನೆ?" ಎಂದ ಕದಡರಾಯ. "ಇಬ್ಬರೂ ಕೊಳಕ್ಕೆ ಇಳಿಯಿರಿ."

ಸಿರಿಯಾಳೆ ಅಕ್ಕನ ಹಿಂದೆ ಸರಿದಳು. ನಿಂಬವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೊಟ್ಟೆಕಿಚ್ಚಿನ ಬಾಗಿಲು ಎಲ್ಲಿರುತ್ತದೆ, ಯಾವ ಕಡೆಯಿಂದ ತಳ್ಳಿದರೆ ತೆರೆಯುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ.

"ಇಳೀತೀವಿ ಬಿಡು. ಆದರೂ ಸಮುದ್ರರಾಜ ಸಮುದ್ರರಾಜನೇ" ಎಂದಳು, ಸಿರಿಯಾಳೆಗೆ ಹೇಳುವ ಹಾಗೆ.

"ಏನಂದೆ?"

"ಏನಿಲ್ಲ. ಬೆಟ್ಟದಷ್ಟು ಉಪ್ಪು ಹೊಟ್ಟೆಗೆ ಹಾಕ್ಕೊಂಡು ಅಲ್ಲಾಡದೆ ಮಲಗಿದ್ದಾನಂತೆ. ಇವನಿಗೆ ಈ ಸಕ್ಕರೆ ಗುಡ್ಡೆನೇ ಕರಗಲ್ಲ."

ಕದಡರಾಯನ ಮುಖ ಕದಡಿತು. ಗುಡ್ಡೆಯ ಮುಂದೆ ಕೂತು ಬೊಗಸೆ ಬೊಗಸೆ ತಿಂದ. ಅರ್ಧ ಗುಡ್ಡೆ ಕರಗಿತು. ಆಮೇಲೆ ತಿಂದದ್ದು ಕರಗದೆ ಅವನ ಪಾದದಲ್ಲಿ ಹೋಗಿ ಕೂತಿತು. ಮೈ ತಿಳಿನೀರಲ್ಲವೆ, ಎಲ್ಲ ಕಾಣುತ್ತಿತ್ತು.

"ಅಷ್ಟೇ. ನೀರಿಗೂ ಒಂದು ಹೊಟ್ಟೆ ಅಂತ ಇರುತ್ತೆ" ಎಂದಳು ನಿಂಬವ್ವ. "ಸಮುದ್ರರಾಜನಾಗಿದ್ದಿದ್ದರೆ..."

"ಅವನ ಹೆಸರು ಎತ್ತಬೇಡ" ಎಂದ ಕದಡರಾಯ.

"ಬಿಸಿಯಾದರೆ ಇನ್ನೂ ಹಿಡಿಸುತ್ತೆ ಅಲ್ವಾ ಅಕ್ಕ?" ಎಂದಳು ಸಿರಿಯಾಳೆ, ಏನೂ ಅರಿಯದವಳ ಹಾಗೆ.

ಅವನು ಹೋಗಿ ಉರಿಯುವ ಒಲೆಯ ಮೇಲೆ ಕೂತ. ಮೈ ಕಾದಿತು, ಪಾದದಲ್ಲಿದ್ದ ಸಕ್ಕರೆ ಕರಗಿತು. ಮತ್ತೆ ತಿಂದ. ಗುಡ್ಡೆ ಮುಗಿಯಿತು, ನೆಲ ಕಂಡಿತು. ಎದ್ದು ನಿಂತು, "ಈಗ ಹೇಳಿ, ಯಾರು ದೊಡ್ಡವನು?" ಎಂದ.

"ನೀನೇ" ಎಂದಳು ನಿಂಬವ್ವ. "ಕೊಂಚ ಗಾಳಿಗೆ ಕೂತು ಸುಧಾರಿಸ್ಕೊ."

ಇಳಿಹೊತ್ತಿನ ತಂಗಾಳಿ ಬೀಸುತ್ತಿತ್ತು. ಅವನ ಮೈ ಆರಿತು. ಬಿಸಿಯಲ್ಲಿ ಹಿಗ್ಗಿದ್ದ ಹೊಟ್ಟೆ ತಂಪಿಗೆ ಕುಗ್ಗತೊಡಗಿತು. ಒಳಗಿನ ಸಕ್ಕರೆಗೆ ಇರಲು ಜಾಗವಿಲ್ಲ, ಹೊರಬಂದು ಕೂರಲು ನೆಲೆಯಿಲ್ಲ. ನಿಂಬವ್ವ ತನ್ನ ಕೊರಳಿಗೆ ಕೈ ಹಾಕಿದಳು. ಇಷ್ಟು ವರ್ಷ ಅವಳ ಕೈಯಲ್ಲಿ ಬೆಳೆಯದೇ ಹೋದ ಅವಳದೇ ತಾಯಿಹರಳು. ನೂಲು ಹರಿದು ಅವನ ಎದೆಗೆ ಎಸೆದಳು.

ಹರಳು ಒಳಗೆ ಮುಳುಗಿತು. ಅದರ ಸುತ್ತ ಬೆಳ್ಳಗೆ ಏನೋ ಕಟ್ಟಿತು. ಕದಡರಾಯ ಎದೆ ನೋಡಿಕೊಂಡು ಹೌಹಾರಿದ.

"ಅಲ್ಲಾಡಬೇಡ. ಅಲ್ಲಾಡಿದರೆ ರವೆಯಾಗ್ತೀಯ" ಎಂದಳು ನಿಂಬವ್ವ. ಅದು ಅವಳು ನಿಜವಾಗಿ ಕೊಟ್ಟ ಬುದ್ಧಿಮಾತು.

ಅವನು ಕೇಳಲಿಲ್ಲ. ಒದ್ದಾಡಿದ, ಕುಣಿದ, ಮೈ ಕೊಡವಿದ. ಕೊಡವಿದ ಕಡೆಯೆಲ್ಲ ಕಾಳು ಕಟ್ಟಿತು. ಕೈ ರವೆಯಾಯಿತು, ತಲೆ ರವೆಯಾಯಿತು. ಕಡೆಗೆ ಅಂಗಳದಲ್ಲಿ ಒಂದು ಒದ್ದೆ ಸಕ್ಕರೆಯ ರಾಶಿ ಉಳಿಯಿತು. ಆ ಇರುವೆ ಬಂತು, ನೆಂಟರನ್ನು ಕರೆಯಿತು. ನೀರಿನ ಗೋಡೆಗಳು ನೆಲಕ್ಕೆ ಬಿದ್ದು ಹಳ್ಳವಾಗಿ ಹರಿದುಹೋದವು. ಹೊರಡುವ ಮುಂಚೆ ವಾರಗಿತ್ತಿಯರು, ಇವುಗಳಲ್ಲೂ ಯಾರಾದರೂ ಕರಗಿರಬಹುದೆಂದು, ಉಳಿದೆರಡು ಕೊಪ್ಪರಿಗೆಗೂ ಅದರದರ ಹರಳು ಹುಡುಕಿ ಇಳಿಬಿಟ್ಟರು. ಉಪ್ಪಿನದರಿಂದ ಒಬ್ಬ ಉಪ್ಪಿನ ವ್ಯಾಪಾರಿ ಎದ್ದ. ಪಟಿಕದಿಂದ ಅರಮನೆಯ ಕ್ಷೌರಿಕ ಎದ್ದು, ತನ್ನ ಪೆಟ್ಟಿಗೆ ಎಲ್ಲಿ ಎಂದು ಕೇಳಿದ. ಅವರಿಗೂ ಊರಲ್ಲಿ ಒಬ್ಬೊಬ್ಬ ನಿಂಬವ್ವ ಇದ್ದಿರಬೇಕು.

ಊರು ಹಬ್ಬ ಮಾಡಿತು. ಮನೆಗೆ ಬಂದ ಸಿರಿಯಾಳೆ ಹೇಳಿದ ಮಾತಿನಂತೆ ಮೂರು ದಿನ ಬೈದಳು. ನಿಂಬವ್ವ ಮೂರು ದಿನ ಕೇಳಿಸಿಕೊಂಡಳು. ನಾಲ್ಕನೆಯ ದಿನ, "ಸಾಕು, ಉಗುರಿಲ್ಲದವಳೇ" ಎಂದಳು. ಅಲ್ಲಿಗೆ ಅದು ಮುಗಿಯಿತು.

ಸಿರಿಯಾಳೆಯ ತಾಯಿಹರಳು ಅವಳೊಡನೆ ಕರಗಿಹೋಗಿತ್ತು, ನಿಂಬವ್ವನದು ಕದಡರಾಯನ ಎದೆ ಸೇರಿತ್ತು. ಮಾಳವ್ವನ ಹತ್ತಿರ ಉಳಿದಿದ್ದು ತನ್ನ ಕೊರಳಿನ ಒಂದೇ ತಾಯಿಹರಳು. ಹಾಗಾಗಿ ಇಬ್ಬರಿಗೂ ಒಂದೇ ಕೊಪ್ಪರಿಗೆ. ನಿಂಬವ್ವ ಪಾಕ ತಿಳಿ ಮಾಡಿದಳು, ಸಿರಿಯಾಳೆ ಕಂಬಳಿ ಸುತ್ತಿ ನಿಂಬವ್ವನ ಎರಡು ಕೈಯನ್ನೂ ಹಿಡಿದುಕೊಂಡು ಮಲಗಿದಳು. ಮುಚ್ಚಳ ತೆಗೆದ ದಿನ ಹರಳನ್ನು ಹೊರಲು ನಾಲ್ಕು ಎತ್ತು ಬೇಕಾಯಿತು. ಅಂಥ ಬೆಳಕನ್ನು ಹರಳುದುರ್ಗ ಹಿಂದೆ ಕಂಡಿರಲಿಲ್ಲ. ಮೂರು ಬೆಟ್ಟದಾಚೆಯ ಹಂಸವೂ ಆ ಬೆಳಕಿನಲ್ಲಿ ತನ್ನ ನೆರಳು ನೋಡಿಕೊಂಡಿತಂತೆ.

ಯಾರ ಹೆಸರು ಮೊದಲು ಕೂಗಬೇಕು ಎಂಬುದಕ್ಕೆ ಅರಸನ ಮುಂದೆ ಜಗಳವಾಯಿತು. ಒಂದು ದಿನ ಹಿರಿಯಳದು ಮೊದಲು, ಒಂದು ದಿನ ಕಿರಿಯಳದು ಮೊದಲು ಎಂದು ತೀರ್ಮಾನವಾಯಿತು.

ಆ ರಾಜ್ಯದಲ್ಲಿ ಆಮೇಲೆ ಯಾರೂ ಕತ್ತಲಲ್ಲಿ ಎಡವಲಿಲ್ಲ, ಯಾರ ಮನೆಯ ಪಾಕವೂ ಕೆಡಲಿಲ್ಲ, ಎಲ್ಲರ ಬಾಯಿಯೂ ಸಿಹಿಯಾಗಿತ್ತು. ನಿಂಬವ್ವ ಕಿವಿಗೆ ಹತ್ತಿ ಇಡುವುದನ್ನು ಬಿಟ್ಟಳು. ತನ್ನ ಹೆಸರು ಎರಡನೆಯದಾಗಿ ಬರುವ ದಿನ ಮಾತ್ರ ಒಂದು ಕಿವಿಗೆ ಇಟ್ಟುಕೊಳ್ಳುತ್ತಿದ್ದಳು.